ಗೆಳತಿಗೆ ಆರಿಸಿದ ಮೂರು ಪುಸ್ತಕಗಳು

ಪುಸ್ತಕವೊಂದನ್ನು ನಾವು ಮೆಚ್ಚುವುದು ಬೇರೆ, ಅದನ್ನು ಇನ್ನೊಬ್ಬರ ಕೈಗೆ ಕೊಡುವುದು ಬೇರೆ. ಮೊದಲನೆಯದರಲ್ಲಿ ಯಾವ ಹೊಣೆಯೂ ಇಲ್ಲ, ಎರಡನೆಯದರಲ್ಲಿ ಉಂಟು. ನಂಟಸ್ತಿಕೆ ಕೂಡಿಸುವವರಿಗೆ ಇದರ ಅನುಭವ ಚೆನ್ನಾಗಿ ಇರುತ್ತದೆ. ವರನೂ ಗುಣವಂತ, ಕನ್ಯೆಯೂ ಗುಣವಂತೆ; ಆದರೂ ಇಬ್ಬರಿಗೂ ಹೊಂದಿಕೆಯಾಗದೆ ಹೋದರೆ ಮಾತು ಕೇಳಬೇಕಾದವರು ನಡುವೆ ನಿಂತವರು. ಪುಸ್ತಕದ ಮಾತೂ ಹಾಗೆಯೇ. ಪ್ರಶಸ್ತಿ ಪಡೆದ ಹತ್ತು ಪುಸ್ತಕಗಳ ಪಟ್ಟಿಯನ್ನು ಯಾರು ಬೇಕಾದರೂ ಬರೆದುಕೊಡಬಲ್ಲರು. ಆದರೆ ಇಂಥವರಿಗೆ, ಇಂಥ ವಯಸ್ಸಿನಲ್ಲಿ, ಇಂಥ ದಿನಗಳಲ್ಲಿ ಯಾವುದು ಹಿತವಾದೀತು ಎಂಬುದು ಯಾವ ಪಟ್ಟಿಯಲ್ಲಿಯೂ ಬರೆದಿರುವುದಿಲ್ಲ.

ನನ್ನ ಗೆಳತಿಯೊಬ್ಬಳು ಅಕ್ಕಲಕೋಟೆ ತಾಲೂಕಿನ ಹಳ್ಳಿಯಲ್ಲಿದ್ದಾಳೆ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ವಿಜ್ಞಾನ ಕಲಿಸಿ ನಿವೃತ್ತಳಾದವಳು. 2021ರ ಮೇ ತಿಂಗಳಲ್ಲಿ, ಆ ಮಹಾಮಾರಿಯ ಎರಡನೆಯ ಅಲೆಯಲ್ಲಿ, ಆಕೆಯ ಯಜಮಾನರು ತೀರಿಕೊಂಡರು. ಮಗ ಪುಣೆಯಲ್ಲಿ. ವರ್ಷದ ಅರ್ಧ ಭಾಗವನ್ನಾದರೂ ತನ್ನಲ್ಲಿ ಬಂದು ಕಳೆಯಬೇಕೆಂದು ಅವನ ಹಟ. ಹೋಗಲು ಒಪ್ಪಿಕೊಂಡ ದಿನ ಆಕೆ ನನಗೆ ಫೋನು ಮಾಡಿ, ಈಚಿನ ವರ್ಷಗಳಲ್ಲಿ ಬಂದ ವೈಜ್ಞಾನಿಕ ಕಾದಂಬರಿಗಳಲ್ಲಿ ಮೂರನ್ನು ಆರಿಸಿ ಹೇಳಬೇಕೆಂದಳು. "ಏ, ಭಾರೀ ಪುಸ್ತಕ ಹೇಳಬ್ಯಾಡ. ನಾ ಓದಿ ಮುಗಿಸೂವಂಥಾವು ಹೇಳು. ಅಲ್ಲಿ ಮೊಮ್ಮಗಳು ಅದಾಳ, ಹದಿನಾರು ವರ್ಷದಾಕಿ. ಇಂಗ್ಲಿಷ ಓದ್ತಾಳ, ಕನ್ನಡ ಓದಾಕ ಬರೂದಿಲ್ಲ. ಅಕಿ ಕೂಡ ಮಾತಾಡಾಕ ಏನರ ಬೇಕಲ್ಲವಾ?" ಎಂಬುದು ಆಕೆಯ ಮಾತು.

ಈ ಕೊನೆಯ ವಾಕ್ಯವೇ ನನ್ನ ಕೆಲಸವನ್ನು ಕಠಿಣಗೊಳಿಸಿತು. ಆಕೆ ಕೇಳಿದ್ದು ಹೊತ್ತು ಕಳೆಯುವ ಸಾಧನವನ್ನಲ್ಲ. ಒಂದು ಮನೆಯೊಳಗೆ ಪ್ರವೇಶಿಸಲು ಬಾಗಿಲನ್ನು.

ನಾವಿಬ್ಬರೂ ವೈಜ್ಞಾನಿಕ ಕಥೆಗಳ ರುಚಿ ಹಚ್ಚಿಕೊಂಡವರು ಸೊಲ್ಲಾಪುರದ ಕಾಲೇಜು ದಿನಗಳಲ್ಲಿ, ಅದೂ ಮರಾಠಿಯ ಮೂಲಕ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ನಡೆಸಿದ ಕಥಾಸ್ಪರ್ಧೆಗೆ ನಾರಾಯಣ ವಿನಾಯಕ ಜಗತಾಪ ಎಂಬ ಹೆಸರಿನಲ್ಲಿ 'ಕೃಷ್ಣವಿವರ' ಎಂಬ ಕಥೆ ಬಂದು ಬಹುಮಾನ ಪಡೆಯಿತು. ಬರೆದವರು ಖಗೋಳ ವಿಜ್ಞಾನಿ ಜಯಂತ ವಿಷ್ಣು ನಾರಳೀಕರರೆಂದು ಅನಂತರ ತಿಳಿಯಿತು. ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವಾಗಿಸಿ ಆ ಸುಳ್ಳು ಹೆಸರನ್ನು ಅವರು ಕಟ್ಟಿಕೊಂಡಿದ್ದರು. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ನಾವಿಬ್ಬರೂ ಆ ಹಳೆಯ ಸಂಗತಿಯನ್ನು ನೆನೆದು ಬಹಳ ಹೊತ್ತು ಮಾತನಾಡಿದೆವು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರ ಕಥೆಗಳು ಸಿಕ್ಕಾಗ ಅವನ್ನೂ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಅಸಿಮೋವ್, ಕ್ಲಾರ್ಕ್ ಇದ್ದೇ ಇದ್ದರು. ಆಮೇಲೆ ಆಕೆಗೆ ಶಾಲೆ, ಸಂಸಾರ, ಹೊಲಮನೆ ಎಂದು ಓದು ನಿಂತುಹೋಯಿತು. ನಾನು ಬ್ಯಾಂಕಿನ ಲೆಕ್ಕಪತ್ರಗಳ ನಡುವೆಯೂ ಈ ಒಂದು ಚಟವನ್ನು ಉಳಿಸಿಕೊಂಡು ಬಂದೆ.

ಆಕೆ ಬಿಟ್ಟಾಗ ಇದ್ದ ಲೋಕ ಈಗಿಲ್ಲ. ಅಂದು ವೈಜ್ಞಾನಿಕ ಕಾದಂಬರಿಯೆಂದರೆ ಬಹುಮಟ್ಟಿಗೆ ಅಮೆರಿಕ ಹಾಗೂ ಇಂಗ್ಲೆಂಡಿನ ಗಂಡಸರು ಬರೆದದ್ದು. ರಾಕೆಟ್ಟಿನಲ್ಲಿ ಹೋಗುವವರೂ ಅವರೇ. ಇಂದು ಬರೆಯುವವರಲ್ಲಿ ಹೆಂಗಸರು ಮುಂದಿದ್ದಾರೆ. ಚೀನಾ, ಭಾರತ, ಆಫ್ರಿಕಾಗಳ ಲೇಖಕರೂ ಇದ್ದಾರೆ. ಈ ಬಗೆಯ ಸಾಹಿತ್ಯಕ್ಕೆ ಮೀಸಲಾದ ಹ್ಯೂಗೋ ಪ್ರಶಸ್ತಿಯನ್ನು ಪಂಡಿತರ ಸಮಿತಿ ಕೊಡುವುದಿಲ್ಲ. ವಿಶ್ವ ಸಮ್ಮೇಳನದ ಸದಸ್ಯರಾದ ಓದುಗರೇ ಮತ ಹಾಕಿ ಕೊಡುತ್ತಾರೆ. ಎನ್. ಕೆ. ಜೆಮಿಸಿನ್ ಎಂಬ ಕರಿಯ ಮಹಿಳೆ ತಮ್ಮ ಕಾದಂಬರಿ ತ್ರಿವಳಿಯ ಮೂರು ಭಾಗಗಳಿಗೂ 2016, 2017, 2018 ಹೀಗೆ ಸಾಲಾಗಿ ಮೂರು ವರ್ಷ ಆ ಪ್ರಶಸ್ತಿಯನ್ನು ಪಡೆದರು. ಅದಕ್ಕೆ ಹಿಂದೆ ಯಾರಿಗೂ ಅದು ಸಾಧ್ಯವಾಗಿರಲಿಲ್ಲ.

ಹೀಗಿರಲು ಪ್ರಶಸ್ತಿಗಳ ಜಾಡು ಹಿಡಿದು ಹೊರಟರೆ ಮೊದಲು ಎದುರಾಗುವುದು ಜೆಮಿಸಿನ್ ಅವರ 'ದಿ ಫಿಫ್ತ್ ಸೀಸನ್'. ಭೂಮಿ ಪದೇ ಪದೇ ಬಿರಿದು ನಾಗರಿಕತೆಗಳು ನಾಶವಾಗುವ ಒಂದು ಲೋಕದ ಕಥೆ. ಬರವಣಿಗೆ ಪ್ರಚಂಡ. ಆದರೆ ಕಥೆ ತೊಡಗುವುದು ತನ್ನ ಪುಟ್ಟ ಮಗನ ಶವದ ಮುಂದೆ ಕುಳಿತ ತಾಯಿಯೊಂದಿಗೆ. ಈ ಪುಸ್ತಕವನ್ನು ಮೊದಲನೆಯದಾಗಿ ಕೊಡಲು ನನ್ನ ಕೈ ಮುಂದಾಗಲಿಲ್ಲ.

ಎರಡನೆಯದು ಚೀನಾದ ಲಿಯು ತ್ಸಿಶಿನ್ ಅವರ 'ದಿ ಥ್ರೀ-ಬಾಡಿ ಪ್ರಾಬ್ಲಮ್'. ಚೀನೀ ಭಾಷೆಯಲ್ಲಿ 2008ರಲ್ಲಿ ಪುಸ್ತಕವಾಗಿ ಬಂದು, ಕೆನ್ ಲಿಯು ಅವರ ಇಂಗ್ಲಿಷ್ ಅನುವಾದದಲ್ಲಿ 2014ರಲ್ಲಿ ಪ್ರಕಟವಾಗಿ, 2015ರಲ್ಲಿ ಹ್ಯೂಗೋ ಪಡೆಯಿತು. ಅನುವಾದಗೊಂಡ ಕಾದಂಬರಿಗೆ ಆ ಗೌರವ ಸಂದುದು ಅದೇ ಮೊದಲು. ಎರಡು ಕಾಯಗಳು ಪರಸ್ಪರ ಸುತ್ತುವುದನ್ನು ಸೂತ್ರದಿಂದ ಹೇಳಬಹುದು. ಮೂರು ಕಾಯಗಳಾದರೆ ಎಲ್ಲ ಸಂದರ್ಭಕ್ಕೂ ಒಪ್ಪುವ ಸೂತ್ರ ದೊರೆಯುವುದಿಲ್ಲ ಎಂಬುದು ಖಗೋಳಶಾಸ್ತ್ರದ ಹಳೆಯ ತೊಡಕು. (ಕೂಡು ಕುಟುಂಬದಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಮೂರು ಸೂರ್ಯರಿರುವ ಲೋಕದಲ್ಲಿ ನಾಳೆ ಬೆಳಗಾಗುವುದೋ ಇಲ್ಲವೋ ಎಂಬ ಭರವಸೆಯಿಲ್ಲದೆ ಬದುಕುವ ಜೀವಿಗಳನ್ನು ಈ ಲೇಖಕರು ಅದರಿಂದ ಹುಟ್ಟಿಸಿದ್ದಾರೆ. ವಿಜ್ಞಾನ ಶಿಕ್ಷಕಿಗೆ ಇದಕ್ಕಿಂತ ಹೊಂದುವ ವಸ್ತು ಬೇರೆ ಬೇಕೆ? ಆದರೆ ಇದು ತ್ರಿವಳಿ. ಒಂದನ್ನು ಓದಿದವರು ಉಳಿದೆರಡನ್ನು ಓದದೆ ಇರಲಾರರು. ಅಲ್ಲದೆ ಮುಂದುಮುಂದಕ್ಕೆ ಅದು ಕಟ್ಟಿಕೊಡುವ ವಿಶ್ವ ಬಹಳ ತಣ್ಣಗಿನದು. ನಕ್ಷತ್ರಗಳ ನಡುವೆ ಯಾರೂ ಯಾರನ್ನೂ ನಂಬಲಾಗದ ಕಗ್ಗಾಡು. ಒಂಟಿಯಾದವಳ ಕೈಗೆ ಆ ಕಗ್ಗಾಡನ್ನು ಈಗಲೇ ಕೊಡುವುದು ಬೇಡವೆನಿಸಿತು.

ಕಿಮ್ ಸ್ಟ್ಯಾನ್ಲಿ ರಾಬಿನ್‌ಸನ್ನರ 'ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್' (2020) ನಮ್ಮ ಸೊಲ್ಲಾಪುರದ ಸೀಮೆಯವರು ಓದಲೇಬೇಕಾದ ಪುಸ್ತಕ. ಅದರ ಮೊದಲ ಅಧ್ಯಾಯ ನಡೆಯುವುದು ಉತ್ತರ ಪ್ರದೇಶದ ಒಂದು ಊರಿನಲ್ಲಿ. ಉಷ್ಣದ ಅಲೆ ಬಂದು ವಿದ್ಯುತ್ತು ನಿಂತು ಊರಿಗೆ ಊರೇ ಮಡಿಯುತ್ತದೆ. ಇದರ ಹಿಂದಿನ ವಿಜ್ಞಾನ ನಮ್ಮ ಅಡುಗೆಮನೆಯ ಮಣ್ಣಿನ ಗಡಿಗೆಯದೇ. ಗಡಿಗೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರು ತಂಪಾಗುತ್ತದೆ. ನಮ್ಮ ಮೈಯೂ ಬೆವರಿನಿಂದ ಹಾಗೆಯೇ ತಂಪಾಗುತ್ತದೆ. ನಮ್ಮಲ್ಲಿ ಉಷ್ಣತೆ ನಲವತ್ತು ಡಿಗ್ರಿ ದಾಟಿದರೂ ಗಾಳಿ ಒಣಗಿರುವುದರಿಂದ ಬೆವರು ಆರುತ್ತದೆ, ಜೀವ ಉಳಿಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಮೂವತ್ತೈದು ಡಿಗ್ರಿ ತೋರಿಸುವಂತಾದರೆ, ನೆರಳಿನಲ್ಲಿ ಸುಮ್ಮನೆ ಕುಳಿತ ಗಟ್ಟಿಮುಟ್ಟಾದ ಮನುಷ್ಯನೂ ಕೆಲವು ತಾಸುಗಳಲ್ಲಿ ಸಾಯಬಹುದು. ಇದು ಕಟ್ಟುಕಥೆಯಲ್ಲ, ಶರೀರಶಾಸ್ತ್ರ. ಪುಸ್ತಕ ಅಲ್ಲಿಗೇ ನಿಲ್ಲದೆ, ಮನುಷ್ಯರು ಸೇರಿ ಏನು ಮಾಡಬಹುದೆಂದು ನೂರಕ್ಕೂ ಹೆಚ್ಚು ಸಣ್ಣ ಅಧ್ಯಾಯಗಳಲ್ಲಿ ಹುಡುಕುತ್ತದೆ. ಅದಕ್ಕೆ ತಕ್ಕಂತೆ ಅದು ದೊಡ್ಡದೂ ಹೌದು. ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ, ಅದೂ ಬೇಸಿಗೆಯಲ್ಲಿ, ಇದು ತಕ್ಕುದಲ್ಲ. ಮಿರಗದ ಮಳೆ ಬಿದ್ದು ನೆಲ ತಂಪಾದ ಮೇಲೆ ಓದಬೇಕಾದ ಪುಸ್ತಕವೆಂದು ಬೇರೆ ಚೀಟಿಯಲ್ಲಿ ಬರೆದಿಟ್ಟೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸುವಂತೆ ಮಾಡಿದ್ದು ಎಮಿಲಿ ಸೇಂಟ್ ಜಾನ್ ಮ್ಯಾಂಡೆಲ್ ಅವರ 'ಸ್ಟೇಷನ್ ಇಲೆವೆನ್'. 2014ರಲ್ಲಿ ಪ್ರಕಟವಾಗಿ, 2015ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಪಡೆದ ಕೃತಿ. ಒಂದು ಬಗೆಯ ಜ್ವರ ಹಬ್ಬಿ ಜಗತ್ತಿನ ಬಹುತೇಕ ಜನ ಅಳಿದು ಹೋದ ಇಪ್ಪತ್ತು ವರ್ಷಗಳ ನಂತರ, ಅಮೆರಿಕದ ದೊಡ್ಡ ಸರೋವರಗಳ ಸುತ್ತ ಒಂದು ನಾಟಕ ಮಂಡಳಿ ಗಾಡಿಗಳನ್ನು ಕಟ್ಟಿಕೊಂಡು ಊರೂರು ತಿರುಗಿ ಷೇಕ್ಸ್‌ಪಿಯರನ ನಾಟಕವಾಡುತ್ತದೆ. ಜಾತ್ರೆಯಿಂದ ಜಾತ್ರೆಗೆ ಟೆಂಟು ಹೊತ್ತು ತಿರುಗುವ ನಾಟಕ ಕಂಪನಿಗಳನ್ನು ನೋಡಿ ಬೆಳೆದ ನಮಗೆ ಇದು ಎಷ್ಟು ಹತ್ತಿರ! ಹೊಟ್ಟೆಗಿಲ್ಲದ ಕಾಲದಲ್ಲಿಯೂ ಜನರಿಗೆ ನಾಟಕ ಬೇಕಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪುಸ್ತಕವನ್ನು ನಾನು ಕಂಡಿಲ್ಲ. ಆದರೆ ಅದರೊಳಗೆ ರೋಗವಿದೆ, ಆಸ್ಪತ್ರೆಯಿದೆ. ಆಪ್ತರನ್ನು ಕೊನೆಯ ಬಾರಿಗೆ ನೋಡಲಾಗದೆ ಉಳಿದವರಿದ್ದಾರೆ.

ಇಂಥ ಪುಸ್ತಕವನ್ನು ಹೇಳದೆ ಮುಚ್ಚಿಡುವುದೂ ಸರಿಯಲ್ಲ, ಎಚ್ಚರಿಕೆಯಿಲ್ಲದೆ ಕೊಡುವುದೂ ಸರಿಯಲ್ಲ. ಅರವತ್ತು ದಾಟಿದ ಹೆಂಗಸಿಗೆ ಯಾವ ದುಃಖವನ್ನು ಯಾವಾಗ ಮುಟ್ಟಬೇಕೆಂಬುದು ತಾನೇ ತಿಳಿದಿರುತ್ತದೆ. ಅದಕ್ಕಾಗಿ ಒಳಗೇನಿದೆಯೆಂದು ಫೋನಿನಲ್ಲಿ ಬಿಚ್ಚಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರಾಗ ನಾಟಕದ ಕಂಪನಿ ಐತಿ ಅಂದಿ. ಅದನ್ನ ಮುಂದ ಓದ್ತೀನಿ. ಈಗ ಬ್ಯಾಡ" ಎಂದಳು. ಆ 'ಮುಂದ' ಎಂಬ ಮಾತು ನನಗೆ ಬಹಳ ಸಮಾಧಾನ ಕೊಟ್ಟಿತು. ಮುಂದೆ ಓದುತ್ತೇನೆ ಎನ್ನುವವರಿಗೆ ಮುಂದಿನ ದಿನಗಳ ಮೇಲೆ ಆಸೆ ಇನ್ನೂ ಇದೆಯೆಂದು ಅರ್ಥ.

ಹೀಗೆ ಒಂದೊಂದನ್ನೇ ಬದಿಗಿಡುತ್ತ ಬಂದಾಗ ಕೊನೆಗೆ ಉಳಿದವು ಮೂರು.

ಮೊದಲನೆಯದು ಬೆಕಿ ಚೇಂಬರ್ಸ್ ಅವರ 'ಎ ಸಾಮ್ ಫಾರ್ ದಿ ವೈಲ್ಡ್-ಬಿಲ್ಟ್' (2021). ಇನ್ನೂರು ಪುಟಕ್ಕೂ ಒಳಗಿನ ಕಿರುಕಾದಂಬರಿ. 2022ರಲ್ಲಿ ಆ ವರ್ಗದ ಹ್ಯೂಗೋ ಇದಕ್ಕೆ ಬಂದಿತು. ಡೆಕ್ಸ್ ಎಂಬ ಸನ್ಯಾಸಿ ಊರೂರಿಗೆ ಗಾಡಿ ಕಟ್ಟಿಕೊಂಡು ಹೋಗಿ, ಬಂದವರ ಕಷ್ಟಸುಖ ಕೇಳಿ, ಅವರವರ ಮನಸ್ಸಿಗೆ ಹಿತವಾದ ಚಹಾ ಮಾಡಿಕೊಡುವುದು. ಕಥೆಯ ಅರ್ಧ ಇಷ್ಟೇ. ಉಳಿದರ್ಧ ಒಂದು ಯಂತ್ರಮಾನವನದು. ಬಹಳ ಹಿಂದೆ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಯಂತ್ರಗಳಿಗೆ ಅರಿವು ಮೂಡಿ, ಅವು ಕೆಲಸ ಬಿಟ್ಟು ಕಾಡಿಗೆ ಹೊರಟುಹೋಗಿರುತ್ತವೆ. ಮನುಷ್ಯರೂ ತಡೆಯದೆ ಕಳುಹಿಸಿಕೊಟ್ಟಿರುತ್ತಾರೆ. ಎಷ್ಟೋ ಶತಮಾನಗಳ ಮೇಲೆ ಅವುಗಳಲ್ಲೊಂದು ಕಾಡಿನಿಂದ ಬಂದು, ಮನುಷ್ಯರಿಗೆ ಈಗ ಏನು ಬೇಕು ಎಂದು ವಿಚಾರಿಸುತ್ತದೆ. ಯುದ್ಧವಿಲ್ಲ, ಸ್ಫೋಟವಿಲ್ಲ, ಇಬ್ಬರ ನಡಿಗೆ, ಇಬ್ಬರ ಮಾತು.

ನನ್ನ ಗೆಳತಿಗೆ ಇದನ್ನು ಆರಿಸಲು ಎರಡು ಕಾರಣಗಳು. ನಗರದಲ್ಲಿದ್ದ ಡೆಕ್ಸ್ ಮನೆ ಬಿಟ್ಟು ಹೊರಡಲು ನೆಪ ಜೀರುಂಡೆಯ ದನಿ. ನಗರದಲ್ಲಿ ಅದು ಕೇಳಿಸುವುದಿಲ್ಲವೆಂಬ ಕೊರತೆ. ಹಳ್ಳಿ ಬಿಟ್ಟು ಪುಣೆಯ ಏಳನೆಯ ಮಹಡಿಗೆ ಹೋಗುವವಳಿಗೆ ಆ ಕೊರತೆ ಏನೆಂಬುದು ತಾನಾಗಿ ತಿಳಿದೀತು. ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ನಾವು ಕಾಯಕದ ಮಾತು ಕೇಳಿ ಬೆಳೆದವರು. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ ಊರು ನಮ್ಮದು. ದುಡಿಮೆಯಿಲ್ಲದ ಬದುಕನ್ನು ಬದುಕೆಂದು ನಾವು ಒಪ್ಪುವುದಿಲ್ಲ. ಹಾಗಾದರೆ ಶಾಲೆಯೂ ಮುಗಿದು, ಗಂಡನ ಆರೈಕೆಯೂ ಮುಗಿದು, ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟ ಮೇಲೆ ಆಕೆ ಏನು? ಈ ಪುಸ್ತಕದ ಯಂತ್ರ ಹೇಳುವ ಉತ್ತರ ನಮ್ಮ ಉತ್ತರವಲ್ಲ. ಹೂವಿಗೆ, ಹಕ್ಕಿಗೆ ಇಂಥದೇ ಉದ್ದೇಶವಿರಬೇಕೆಂದು ಯಾರೂ ಕೇಳುವುದಿಲ್ಲ. ಇರುವುದೇ ಸಾಕು ಎಂಬುದು ಅದರ ವಾದ. ಒಪ್ಪಬೇಕೆಂದೇನೂ ಇಲ್ಲ. ಆದರೆ ಒಪ್ಪದೆ ಜಗಳವಾಡಲಿಕ್ಕಾದರೂ ಅಂಥ ಮಾತು ಕಿವಿಯ ಮೇಲೆ ಬೀಳಬೇಕಾದ ಒಂದು ವಯಸ್ಸು ಇರುತ್ತದೆ.

ಒಂದು ಭಾಷೆಯ ಸ್ವಾರಸ್ಯವನ್ನೂ ಇಲ್ಲಿ ಹೇಳಬೇಕು. ಡೆಕ್ಸ್ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಆದುದರಿಂದ ಇಂಗ್ಲಿಷ್ ಮೂಲದಲ್ಲಿ ಒಬ್ಬರಿಗೇ ಬಹುವಚನದ ಸರ್ವನಾಮವನ್ನು ಬಳಸಿದ್ದಾರೆ. ಅಲ್ಲಿಯ ಕೆಲವು ಓದುಗರಿಗೆ ಇದು ತೊಡಕೆನಿಸುವುದುಂಟು. ಕನ್ನಡದವರಿಗೆ ತೊಡಕೇನು? ನಾವು ಹಿರಿಯರೊಬ್ಬರನ್ನು 'ಅವರು' ಎಂದೇ ಕರೆಯುತ್ತೇವೆ. ಅದರಲ್ಲಿ ಗಂಡು ಹೆಣ್ಣೆಂಬ ಭೇದವೇ ಇಲ್ಲ. ಇಡೀ ಪುಸ್ತಕವನ್ನು ಕನ್ನಡಕ್ಕೆ ತಂದರೆ ಈ ಒಂದು ವಿಷಯದಲ್ಲಿ ಮೂಲಕ್ಕಿಂತ ಸರಾಗವಾಗಿಯೇ ಓದಿಸಿಕೊಂಡೀತು.

ಎರಡನೆಯ ಪುಸ್ತಕ ಆಂಡಿ ವಿಯರ್ ಅವರ 'ಪ್ರಾಜೆಕ್ಟ್ ಹೇಲ್ ಮೇರಿ' (2021). ಇದರ ನಾಯಕ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಇಷ್ಟು ಹೇಳಿದರೆ ಸಾಕಲ್ಲವೆ! ಅವನು ಕಣ್ಣು ತೆರೆದಾಗ ಒಂದು ಆಕಾಶನೌಕೆಯಲ್ಲಿದ್ದಾನೆ; ಜೊತೆಯವರು ಸತ್ತಿದ್ದಾರೆ; ತನ್ನ ಹೆಸರೂ ನೆನಪಿಲ್ಲ. ಕ್ರಮೇಣ ನೆನಪು ಮರಳುತ್ತದೆ. ಸೂರ್ಯನ ಶಕ್ತಿಯನ್ನು ಹೀರಿ ಬೆಳೆಯುವ ಒಂದು ಸೂಕ್ಷ್ಮಜೀವಿಯಿಂದ ಸೂರ್ಯ ಮಂಕಾಗುತ್ತಿದ್ದಾನೆ. ಸುತ್ತಲಿನ ನಕ್ಷತ್ರಗಳಿಗೂ ಅದೇ ರೋಗ. ಸುಮಾರು ಹನ್ನೆರಡು ಬೆಳಕಿನ ವರ್ಷ ದೂರದ ಟಾವ್ ಸೆಟಿ ಎಂಬ ಒಂದು ನಕ್ಷತ್ರ ಮಾತ್ರ ಬಾಧೆಯಿಲ್ಲದೆ ಉಳಿದಿದೆ. ಏಕೆ ಉಳಿಯಿತೆಂದು ತಿಳಿಯಲು ಇವನು ಬಂದಿದ್ದಾನೆ. ಅಲ್ಲಿ ಬೇರೊಂದು ಲೋಕದಿಂದ ಅದೇ ಕಾರಣಕ್ಕೆ ಬಂದ ಜೀವಿಯೊಂದು ಭೇಟಿಯಾಗುತ್ತದೆ. ಅದಕ್ಕೆ ಕಣ್ಣಿಲ್ಲ, ಕಿವಿಯೇ ಕಣ್ಣು; ಐದು ಕಾಲು, ಕಲ್ಲಿನಂಥ ಮೈ; ಮಾತೆಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಿದಂಥ ನಾದ. ಒಬ್ಬರ ಗಾಳಿ ಇನ್ನೊಬ್ಬರಿಗೆ ವಿಷವಾದುದರಿಂದ ನಡುವೆ ಗೋಡೆ ಹಾಕಿಕೊಂಡು, ಮೊದಲು ಅಂಕಿ, ಅನಂತರ ವಸ್ತುಗಳ ಹೆಸರು, ಆಮೇಲೆ ಕ್ರಿಯಾಪದ, ಹೀಗೆ ಇಬ್ಬರೂ ಒಬ್ಬರ ಭಾಷೆಯನ್ನೊಬ್ಬರು ಕಲಿಯುತ್ತಾರೆ. ಎರಡು ಪ್ರಾಣಿಗಳೂ ಕೊನೆಯವರೆಗೆ ತಮ್ಮ ತಮ್ಮ ಭಾಷೆಯಲ್ಲಿಯೇ ಮಾತನಾಡುತ್ತವೆ, ಮತ್ತೊಬ್ಬರದು ಅರ್ಥವಾಗುತ್ತದೆ. ನಮ್ಮ ಸಂತೆಗಳಲ್ಲಿ ಒಬ್ಬರು ಮರಾಠಿಯಲ್ಲಿ ಕೇಳಿ ಇನ್ನೊಬ್ಬರು ಕನ್ನಡದಲ್ಲಿ ಉತ್ತರಿಸಿ ವ್ಯಾಪಾರ ಮುಗಿಯುವುದನ್ನು ಕಂಡವರಿಗೆ ಇದರಲ್ಲಿ ಸೋಜಿಗವಿಲ್ಲ, ಸಂತೋಷವಿದೆ.

ಈ ಲೇಖಕರಲ್ಲಿ ಕೊರತೆಯಿಲ್ಲದಿಲ್ಲ. ಪಾತ್ರಗಳೆಲ್ಲ ಒಂದೇ ಧಾಟಿಯ ತಮಾಷೆಯಲ್ಲಿ ಮಾತನಾಡುತ್ತವೆ. ಮನಸ್ಸಿನ ಆಳಕ್ಕೆ ಇಳಿಯುವ ವ್ಯವಧಾನ ಕಡಿಮೆ. ಆದರೆ ಪ್ರತಿಯೊಂದು ಅಡಚಣೆಯನ್ನೂ ಪ್ರಯೋಗ ಮಾಡಿ, ಅಳೆದು, ತಪ್ಪಿ, ಮತ್ತೆ ಅಳೆದು ಬಿಡಿಸುವ ರೀತಿ ಅಪ್ಪಟ ವಿಜ್ಞಾನದ ತರಗತಿ. ಇಂಗ್ಲಿಷೂ ಸರಳ. ಹದಿನಾರರ ಹುಡುಗಿಗೆ ಮೂರರಲ್ಲಿ ಇದೇ ಮೊದಲು ಹಿಡಿಸೀತೆಂದು ಎಣಿಸಿದೆ.

ಮೂರನೆಯದನ್ನು ಆಕೆಗಾಗಿ ಮಾತ್ರವಲ್ಲ, ಗಡಿಯ ನಮ್ಮೆಲ್ಲರಿಗಾಗಿ ಆರಿಸಿದೆನೆಂದರೂ ಸಲ್ಲುತ್ತದೆ. ಆರ್ಕೇಡಿ ಮಾರ್ಟೀನ್ ಅವರ 'ಎ ಮೆಮೊರಿ ಕಾಲ್ಡ್ ಎಂಪೈರ್', 2019ರಲ್ಲಿ ಬಂದು 2020ರ ಹ್ಯೂಗೋ ಪಡೆದ ಕಾದಂಬರಿ. ಲೇಖಕಿ ಬೈಜಾಂಟಿಯಮ್ ಸಾಮ್ರಾಜ್ಯದ ಇತಿಹಾಸ ಓದಿಕೊಂಡವರು. ಆ ವಿದ್ಯೆಯ ಸಾರವೆಲ್ಲ ಇಲ್ಲಿ ಇಳಿದಿದೆ. ಮಹಿತ್ ಎಂಬ ಯುವತಿ ಒಂದು ಪುಟ್ಟ ಆಕಾಶ ನೆಲೆಯವಳು. ಪಕ್ಕದಲ್ಲಿ ಮಹಾಸಾಮ್ರಾಜ್ಯ. ಅಲ್ಲಿಗೆ ಆಕೆ ರಾಯಭಾರಿಯಾಗಿ ಹೋಗುತ್ತಾಳೆ. ಎಳವೆಯಿಂದ ಆ ಸಾಮ್ರಾಜ್ಯದ ಕಾವ್ಯ, ನಾಟಕ, ಛಂದಸ್ಸುಗಳನ್ನು ಆಸೆಪಟ್ಟು ಕಲಿತವಳು ಆಕೆ. ಆದರೂ ಅಲ್ಲಿಯವರ ಪಾಲಿಗೆ ಅನಾಗರಿಕಳೇ. ಅವರ ಭಾಷೆಯಲ್ಲಿ 'ನಗರ', 'ಸಾಮ್ರಾಜ್ಯ', 'ಜಗತ್ತು' ಈ ಮೂರಕ್ಕೂ ಒಂದೇ ಶಬ್ದ. ಅದರ ಹೊರಗೂ ಜನರಿದ್ದಾರೆಂದು ಹೇಳಲು ಆ ಭಾಷೆಗೆ ನಾಲಿಗೆಯೇ ಹೊರಳುವುದಿಲ್ಲ. ತನ್ನ ನಾಡನ್ನು ನುಂಗಬಲ್ಲ ಭಾಷೆಯನ್ನು ಮನಸಾರೆ ಪ್ರೀತಿಸುವವಳ ಇಕ್ಕಟ್ಟೇ ಕಾದಂಬರಿಯ ಜೀವ.

ಮರಾಠಿ ನಮ್ಮನ್ನು ನುಂಗಲು ಬಂದ ಸಾಮ್ರಾಜ್ಯವೆಂದು ಹೇಳಲು ನಾನು ಸಿದ್ಧಳಿಲ್ಲ. ತುಕಾರಾಮರ ಅಭಂಗ ಕೇಳಿ ಕಣ್ಣು ತುಂಬಿಕೊಂಡವರು ನಾವು; ನಾರಳೀಕರರನ್ನು ನಮಗೆ ಕೊಟ್ಟ ಭಾಷೆ ಅದು. ಆದರೂ 1956ರ ನಂತರ ಗಡಿಯ ಈಚೆ ಉಳಿದವರಿಗೆ ಮಹಿತಳ ಮನಸ್ಸು ವಿವರಿಸದೆಯೇ ಅರ್ಥವಾಗುತ್ತದೆ. ಕಚೇರಿಯಲ್ಲಿ ಒಂದು ಮಾತು, ಅಡುಗೆಮನೆಯಲ್ಲಿ ಇನ್ನೊಂದು; ಆಚೆ ಹೋದರೆ "ನಿಮ್ಮ ಕನ್ನಡ ಮರಾಠಿಯಂತಿದೆ" ಎನ್ನುತ್ತಾರೆ, ಈಚೆ "ನಿಮ್ಮ ಮರಾಠಿ ಕನ್ನಡದಂತಿದೆ" ಎನ್ನುತ್ತಾರೆ. ಈಗಂತೂ ಪುಣೆಯಲ್ಲಿ ಬೆಳೆದ ನಮ್ಮ ಮೊಮ್ಮಕ್ಕಳಿಗೆ ಎರಡೂ ದೂರವಾಗಿ ಇಂಗ್ಲಿಷೊಂದೇ ಜಗತ್ತಿನ ಹೆಸರಾಗಿದೆ. ಆ ಹುಡುಗಿ ಇದನ್ನು ಓದಿದರೆ ಅಜ್ಜಿಯನ್ನು ಸ್ವಲ್ಪ ಬೇರೆ ಕಣ್ಣಿನಿಂದ ನೋಡಿಯಾಳೆಂಬುದು ನನ್ನ ಗುಪ್ತವಾದ ಆಸೆ.

ಈ ಕಾದಂಬರಿಯಲ್ಲಿ ಇನ್ನೊಂದು ಕಲ್ಪನೆಯಿದೆ. ಮಹಿತಳ ನೆಲೆಯಲ್ಲಿ, ಗತಿಸಿದವರ ನೆನಪುಗಳನ್ನು ಒಂದು ಸಣ್ಣ ಯಂತ್ರದಲ್ಲಿ ಹಿಡಿದು, ಅವರ ಕೆಲಸಕ್ಕೆ ಬರುವವರ ತಲೆಯೊಳಗೆ ಇಡುತ್ತಾರೆ. ಹಿಂದಿನವರು ಇವರೊಳಗೆ ಮಾತನಾಡುತ್ತಾರೆ, ಸಲಹೆ ಕೊಡುತ್ತಾರೆ, ಕೆಲವೊಮ್ಮೆ ಜಗಳವನ್ನೂ ಆಡುತ್ತಾರೆ. ಮಹಿತಳೊಳಗಿನ ಹಿಂದಿನ ರಾಯಭಾರಿಯ ನೆನಪು ಹದಿನೈದು ವರ್ಷ ಹಳೆಯದು; ಆಮೇಲಿನದೇನೂ ಅವನಿಗೆ ತಿಳಿಯದು. ಮೂವತ್ತೈದು ವರ್ಷ ಒಬ್ಬರೊಡನೆ ಬಾಳಿದವರಿಗೆ ಇಂಥ ಯಂತ್ರ ಬೇಕಾಗುವುದಿಲ್ಲ. ಮೀನಮೇಷ ಎಣಿಸುತ್ತ ನಿಂತಾಗ ಅವರೇನೆನ್ನುತ್ತಿದ್ದರೆಂದು ಒಳಗಿನಿಂದಲೇ ಕೇಳಿಸುತ್ತದೆ. ಆದರೆ ಇತ್ತೀಚಿನದೇನನ್ನೂ ಆ ದನಿ ಬಲ್ಲದಾಗಿರುವುದಿಲ್ಲ. 'ಸ್ಟೇಷನ್ ಇಲೆವೆನ್' ಆಕೆಯ ಗಾಯವನ್ನು ನೇರವಾಗಿ ಮುಟ್ಟುತ್ತದೆ. ಇದು ಬದಿಯಲ್ಲಿ ಕುಳಿತುಕೊಳ್ಳುತ್ತದೆ. ಈ ಎರಡರ ನಡುವಿನ ಅಂತರವೇ ಆಯ್ಕೆ ಮಾಡುವವರು ಗಮನಿಸಬೇಕಾದದ್ದು.

ಒಂದು ತೊಂದರೆಯನ್ನು ಮೊದಲೇ ಹೇಳಿದೆ: ಇದರ ಹೆಸರುಗಳು ವಿಚಿತ್ರ. ಸಾಮ್ರಾಜ್ಯದವರ ಹೆಸರಿನಲ್ಲಿ ಒಂದು ಸಂಖ್ಯೆ, ಒಂದು ವಸ್ತು. ಒಬ್ಬಳು 'ಮೂರು ಕಡಲಹುಲ್ಲು', ಇನ್ನೊಬ್ಬ 'ಆರು ದಿಕ್ಕು'. ಮೊದಲ ಐವತ್ತು ಪುಟಗಳಲ್ಲಿ ಹಲವು ಶಬ್ದಗಳು ಅರ್ಥವಾಗವು. ವೈಜ್ಞಾನಿಕ ಕಾದಂಬರಿಗಳನ್ನು ಓದದವರು ಎಡವುವುದು ಇಲ್ಲಿಯೇ. ಗೊತ್ತಿಲ್ಲದ ಶಬ್ದ ಕಂಡೊಡನೆ ಪುಸ್ತಕ ತಮ್ಮದಲ್ಲವೆಂದು ಮುಚ್ಚಿಡುತ್ತಾರೆ. ಆದರೆ ಗಡಿಯಲ್ಲಿ ಬೆಳೆದವರಿಗೆ ಈ ಅಭ್ಯಾಸ ಚಿಕ್ಕಂದಿನಿಂದಲೇ ಬಂದಿರುತ್ತದೆ. ಬಜಾರದಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಅರ್ಧ ತಿಳಿದು ಅರ್ಧ ತಿಳಿಯದೆ, ಮುಖ ನೋಡಿ, ಸಂದರ್ಭ ನೋಡಿ, ಅರ್ಥ ತಾನಾಗಿ ಬರುವವರೆಗೆ ಕಾಯುವುದನ್ನು ನಾವು ಕಲಿತೇ ಬಂದವರು. ಈ ಬಗೆಯ ಕಾದಂಬರಿಗಳಿಗೆ ನಮಗಿಂತ ತಕ್ಕ ಓದುಗರು ಎಲ್ಲಿ ಸಿಕ್ಕಾರು?

ಬೆಂಗಳೂರಿನ ನೌಕರಿಯ ಕನಸಿರುವ ತರುಣರು ಮನೆಯಲ್ಲಿದ್ದರೆ ಅವರಿಗಾಗಿ ಲಾವಣ್ಯಾ ಲಕ್ಷ್ಮೀನಾರಾಯಣ ಅವರ 'ದಿ ಟೆನ್ ಪರ್ಸೆಂಟ್ ಥೀಫ್' ಎಂಬುದನ್ನೂ ಹೇಳಬಹುದು. 2020ರಲ್ಲಿ ಭಾರತದಲ್ಲಿ 'ಅನಲಾಗ್/ವರ್ಚುವಲ್' ಎಂಬ ಹೆಸರಿನಿಂದ ಬಂದದ್ದು. ಬೆಂಗಳೂರು ತನ್ನ ಹೆಸರನ್ನೂ ಕಳೆದುಕೊಂಡು, ಜನರನ್ನು ಅವರ ದುಡಿಮೆಯ ಅಂಕಗಳ ಮೇಲೆ ಮೇಲುಕೀಳೆಂದು ವಿಂಗಡಿಸುವ ನಗರವಾದ ಕಥೆ. ಗೆಳತಿಯ ಮಗನಿಗೆ ಹೇಳಿ ಕಳುಹಿಸಿದ್ದೇನೆ. ಅವನಿಗೆ ಓದಲು ಪುರುಸೊತ್ತು ಸಿಕ್ಕಾಗ ನೋಡೋಣ.

ಪುಸ್ತಕಗಳನ್ನು ಓದುವ ಯಂತ್ರದಲ್ಲಿ ಹಾಕಿಸಿ, ಅಕ್ಷರ ದೊಡ್ಡದಾಗಿಸುವುದನ್ನು ತೋರಿಸಿಕೊಟ್ಟದ್ದು ಮೊಮ್ಮಗಳು. ಚಿಕ್ಕ ಪುಸ್ತಕ ಒಂದು ವಾರದಲ್ಲಿ ಮುಗಿಯಿತು. ಯಂತ್ರದ ವಾದವನ್ನು ನನ್ನ ಗೆಳತಿ ಒಪ್ಪಲಿಲ್ಲ; ಮೊಮ್ಮಗಳು ಒಪ್ಪಿದಳು; ಎರಡು ರಾತ್ರಿ ಮರಾಠಿಯಲ್ಲಿ ವಾದ ನಡೆಯಿತಂತೆ. 'ಪ್ರಾಜೆಕ್ಟ್ ಹೇಲ್ ಮೇರಿ'ಯನ್ನು ಇಬ್ಬರೂ ಪಂದ್ಯ ಕಟ್ಟಿ ಓದಿದರು. "ಬಾಕಿ ಎಲ್ಲಾ ಬರೋಬ್ಬರಿ ಐತಿ, ಹೆಡ್‌ಮಾಸ್ತರಿಗೆ ರಜಾ ಅರ್ಜಿ ಕೊಡದ ಇಷ್ಟು ದೂರ ಹೋದ ಮಾಸ್ತರನ್ನ ಮಾತ್ರ ನಾ ಇಲ್ಲೇ ನೋಡಿದ್ದು" ಎಂಬುದು ಆಕೆಯ ವಿಮರ್ಶೆ. ಮೂರನೆಯದು ಇನ್ನೂ ನಡೆದಿದೆ. ಹೆಸರುಗಳನ್ನೆಲ್ಲ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದು ಗೋಡೆಗೆ ಅಂಟಿಸಿಕೊಂಡಿದ್ದಾಳೆ. ನೆನಪಿನ ಯಂತ್ರದ ಭಾಗ ಬಂದಾಗ ಒಂದು ದಿನ ಪುಸ್ತಕ ಬದಿಗಿಟ್ಟು, ಮರುದಿನ ಮತ್ತೆ ತೆಗೆದುಕೊಂಡಳೆಂದು ತಿಳಿಯಿತು. ಆ ದಿನದ ಬಗ್ಗೆ ಆಕೆ ಹೆಚ್ಚು ಹೇಳಲಿಲ್ಲ, ನಾ ಕೇಳಲೂ ಇಲ್ಲ.

ಪುಸ್ತಕಗಳು ಒಂದು ಬದುಕನ್ನು ನೇರ್ಪಡಿಸಿದವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಪುಣೆಯ ಮಹಡಿಯಲ್ಲಿ ಆಕೆಗೆ ಈಗಲೂ ಹೊತ್ತು ಹೋಗುವುದಿಲ್ಲ; ಜೋಳದ ರೊಟ್ಟಿ ಬಡಿದರೆ ಕೆಳಗಿನ ಮನೆಯವರು ಸದ್ದೆನ್ನುತ್ತಾರೆ. ಆದರೆ ಮಾತಿಗೆ ಒಂದು ವಿಷಯ ಹುಟ್ಟಿತು, ಅದು ನಿಜ. ಮತ್ತು ನಾನು ಎಣಿಸಿರದ ಒಂದು ಫಲವೂ ದೊರೆಯಿತು. ನೀನು ನನಗೆ ಯಂತ್ರದಲ್ಲಿ ಓದುವುದನ್ನು ಕಲಿಸಿದೆ, ನಾನು ನಿನಗೊಂದು ಪುಸ್ತಕ ಕೊಡಬೇಕಲ್ಲ ಎಂದು ಆಕೆ ತನ್ನ ಟ್ರಂಕಿನಿಂದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' ಹೊರಗೆ ತೆಗೆದಿದ್ದಾಳೆ. 1980ರ ಪುಸ್ತಕ, ಅದು ವೈಜ್ಞಾನಿಕ ಕಾದಂಬರಿಯೆಂಬ ಹಣೆಪಟ್ಟಿಗೆ ಸೇರದಿದ್ದರೂ, ವಿಜ್ಞಾನಿಯ ಕುತೂಹಲವನ್ನು ಅಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಕನ್ನಡ ಕಾದಂಬರಿ ಯಾವುದಿದೆ? ಹುಡುಗಿಗೆ ಲಿಪಿ ಬಾರದು. ಅದಕ್ಕಾಗಿ ಅಜ್ಜಿ ಓದಿ ಹೇಳುತ್ತಾಳೆ, ಊಟವಾದ ಮೇಲೆ ದಿನಕ್ಕೆ ನಾಲ್ಕೈದು ಪುಟ.

ಮೊನ್ನೆ ಆ ಹುಡುಗಿಯೇ ನನಗೆ ಫೋನು ಮಾಡಿದ್ದಳು. ಮುರುಕು ಕನ್ನಡದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಿ ಹೇಳಾಕ ತಯಾರಿಲ್ಲ, ನೀವರ ಹೇಳ್ರಿ, ಆ ಹಾರೂ ಓತಿ ಅವರಿಗೆ ಸಿಗತೈತೋ ಇಲ್ಲೋ?"

ನಾನೂ ಹೇಳಲಿಲ್ಲ.